ಟೊಮೇಟೊ ತಳ ಕಪ್ಪಾದರೆ ಗೊಬ್ಬರದಂಗಡಿಗೆ ಹೋಗುವ ಮೊದಲು

ಟೊಮೇಟೊ ಕಾಯಿಯ ತಳದಲ್ಲಿ ಮೊದಲು ಕಾಣುವುದು ನೀರು ಕುಡಿದಂಥ ಒಂದು ಮಚ್ಚೆ, ಕಡಲೆಬೇಳೆಯಷ್ಟು. ಕಾಯಿ ಆಗಿನ್ನೂ ಹಸಿರು, ನಿಂಬೆಹಣ್ಣಿನಷ್ಟೂ ದಪ್ಪ ಆಗಿರುವುದಿಲ್ಲ. ನಾಲ್ಕೈದು ದಿನದಲ್ಲಿ ಮಚ್ಚೆ ಕಂದಾಗಿ, ಒಳಕ್ಕೆ ಕುಗ್ಗಿ, ಹಳೇ ಚಪ್ಪಲಿ ತೊಗಲಿನ ಹಾಗೆ ಒಣಗುತ್ತದೆ. ಉಗುರಿನಲ್ಲಿ ಒತ್ತಿದರೆ ರಸ ಬರುವುದಿಲ್ಲ, ವಾಸನೆಯೂ ಇಲ್ಲ. ಇನ್ನೊಂದು ವಾರಕ್ಕೆ ಅದರ ಮೇಲೆ ಕಪ್ಪು ಬೂಸ್ಟು ಕೂರುತ್ತದೆ. ಬೂಸ್ಟು ನೋಡಿದವರು ರೋಗವೆಂದುಕೊಂಡು ಶಿಲೀಂಧ್ರದ ಔಷಧಿ ಹೊಡೆಯುತ್ತಾರೆ. ಬೂಸ್ಟು ಬಂದದ್ದು ಸತ್ತ ಜಾಗಕ್ಕೆ. ಜಾಗ ಸತ್ತದ್ದು ಅದಕ್ಕೂ ಹತ್ತು ದಿನ ಮೊದಲು.

ಆ ಕಾಯಿ ಹಿಡಿದುಕೊಂಡು ಅಂಗಡಿಗೆ ಹೋದರೆ ಸಿಗುವ ಉತ್ತರ ಒಂದೇ: "ಕ್ಯಾಲ್ಸಿಯಂ ಕಮ್ಮಿ ಆಗಿದೆ, ಡ್ರಿಪ್ಪಲ್ಲಿ ಇದನ್ನ ಬಿಡಿ." ಉತ್ತರ ಅರ್ಧ ಸರಿ. ಕಾಯಿಯ ತಳಕ್ಕೆ ಕ್ಯಾಲ್ಸಿಯಂ ಕಮ್ಮಿ ಆಗಿರುವುದು ನಿಜ. ಹೊಲದಲ್ಲಿ ಕಮ್ಮಿ ಇದೆಯೇ ಎನ್ನುವುದು ಬೇರೆ ಮಾತು. ಮುಳಬಾಗಿಲು ಕಡೆಯ ಗಡಸು ಬೋರ್ ನೀರು ಕುಡಿಯುವ ಬಯಲು ಟೊಮೇಟೊಗೂ, ಚಿಕ್ಕಬಳ್ಳಾಪುರ ಕಡೆ ಮಳೆನೀರಿನ ಹೊಂಡದಿಂದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಚೀಲದಲ್ಲಿ ಬೆಳೆಯುವ ಪಾಲಿಹೌಸ್ ಕ್ಯಾಪ್ಸಿಕಂಗೂ ಒಂದೇ ಚೀಲ, ಒಂದೇ ಅಳತೆ ಹೇಳಿದರೆ ಹೇಗೆ? ಮೊದಲನೆಯದಕ್ಕೆ ಆ ದುಡ್ಡು ಬಹಳ ಸಲ ದಂಡ. ಎರಡನೆಯದಕ್ಕೆ ಅದಿಲ್ಲದೆ ಬೆಳೆಯೇ ಇಲ್ಲ.

ಕಾಯಿಗೆ ಯಾಕೆ ಸೇರುವುದಿಲ್ಲ

ಗಿಡದೊಳಗೆ ಕ್ಯಾಲ್ಸಿಯಂ ಹೋಗುವುದು ಬೇರಿನಿಂದ ಮೇಲಕ್ಕೆ ಏರುವ ನೀರಿನ ಜೊತೆ ಮಾತ್ರ. ಎಲೆ ಬೆವರಿದಷ್ಟೂ ನೀರು ಎಲೆ ಕಡೆಗೇ ಎಳೆದುಕೊಳ್ಳುತ್ತದೆ. ಟೊಮೇಟೊ ಕಾಯಿಯ ಸಿಪ್ಪೆಯಲ್ಲಿ ಎಲೆಗೆ ಇರುವಂಥ ಉಸಿರಾಟದ ತೂತುಗಳೇ ಇಲ್ಲ, ಹಾಗಾಗಿ ಅದು ಬೆವರುವುದು ಬಹಳ ಕಡಿಮೆ. ಎಲೆಗೆ ಹೋಗಿ ಕೂತ ಕ್ಯಾಲ್ಸಿಯಂ ಮತ್ತೆ ಇಳಿದು ಕಾಯಿಗೆ ಬರುವುದೂ ಇಲ್ಲ. ಎಲೆ ಪರೀಕ್ಷೆ ಮಾಡಿಸಿದರೆ ಬೇಕಾದಷ್ಟು ಕ್ಯಾಲ್ಸಿಯಂ ತೋರಿಸುತ್ತದೆ, ಅದೇ ಗಿಡದ ಕಾಯಿ ತಳ ಕಪ್ಪಾಗಿರುತ್ತದೆ. ಎರಡೂ ಒಟ್ಟಿಗೆ ನಿಜ.

ಪಾವಗಡ, ಶಿರಾ ಕಡೆ ಕಡಲೆಕಾಯಿ ಬೆಳೆಯುವವರಿಗೆ ಇದು ಹೊಸದೇನಲ್ಲ. ಹೂವು ಕಳೆದು ಸೂಜಿಯಂಥ ಕಡ್ಡಿ ಮಣ್ಣಿಗೆ ಇಳಿಯುವ ಹೊತ್ತಿಗೆ ಎಕರೆಗೆ 200 ಕೆ.ಜಿ. ಜಿಪ್ಸಂ ಹಾಕಿ ಮಣ್ಣು ಏರಿಸುತ್ತಾರೆ. ಮಣ್ಣೊಳಗಿನ ಕಾಯಿಗೆ ಮೇಲಿನಿಂದ ಕ್ಯಾಲ್ಸಿಯಂ ಇಳಿಯುವುದಿಲ್ಲ, ಅದು ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ಸಿಗದಿದ್ದರೆ ಜೊಳ್ಳು. ಟೊಮೇಟೊ ಕಾಯಿಗೆ ಆ ಸೌಲಭ್ಯ ಇಲ್ಲ, ಗಾಳಿಯಲ್ಲಿ ನೇತಾಡುತ್ತದೆ.

ಹಾಗಾದರೆ ಕಾಯಿಗೆ ಕ್ಯಾಲ್ಸಿಯಂ ಹೋಗುವುದು ಯಾವಾಗ? ಮುಖ್ಯವಾಗಿ ರಾತ್ರಿ. ಎಲೆ ಬೆವರುವುದು ನಿಂತಾಗ ಬೇರು ಒಳಗಿನಿಂದ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ಒತ್ತಡ ಕಾಯಿಯ ತುದಿವರೆಗೂ ಮುಟ್ಟುತ್ತದೆ. ಬೆಳಗ್ಗೆ ಆರು ಗಂಟೆಗೆ ತೋಟಕ್ಕೆ ಹೋಗಿ ಎಲೆಯ ಅಂಚು ನೋಡಿ. ಹಲ್ಲು ಹಲ್ಲಾಗಿರುವ ತುದಿಗಳಲ್ಲಿ ಒಂದೊಂದೇ ಹನಿ ಮಣಿ ಪೋಣಿಸಿದ ಹಾಗೆ ಸಾಲಾಗಿ ನಿಂತಿದ್ದರೆ ಅದು ಇಬ್ಬನಿಯಲ್ಲ. ಇಬ್ಬನಿ ಎಲೆಯ ಮೈಗೆಲ್ಲ ಕೂರುತ್ತದೆ. ಇದು ಬೇರು ತಳ್ಳಿದ ನೀರು. ಆ ಹನಿಗಳು ಕಾಣುತ್ತಿದ್ದರೆ ರಾತ್ರಿಯ ಕೆಲಸ ನಡೆಯುತ್ತಿದೆ. ಮಣ್ಣು ಒಣಗಿದ್ದರೂ, ಬೇರಿನ ಸುತ್ತ ಗೊಬ್ಬರದ ಉಪ್ಪು ಜಾಸ್ತಿಯಾಗಿದ್ದರೂ ಹನಿ ಬರುವುದಿಲ್ಲ. ಹೀಗಾಗಿ ಕ್ಯಾಲ್ಸಿಯಂ ಕಮ್ಮಿ ಎಂದು ಇನ್ನಷ್ಟು ಗೊಬ್ಬರ ಸುರಿದರೆ ಕಾಯಿಗೆ ಹೋಗುವ ಕ್ಯಾಲ್ಸಿಯಂ ಇನ್ನೂ ಕಡಿಮೆಯಾಗುವುದುಂಟು.

ನಮ್ಮ ಜಿಲ್ಲೆಗಳಲ್ಲಿ ತಳ ಕಪ್ಪಾಗಲು ದೊಡ್ಡ ಕಾರಣ ನೀರಿನ ಏರುಪೇರು. ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುತ್ತದೆ. ಬಂದಾಗ ಎರಡು ತಾಸು ಒಂದೇ ಸಮ ಬಿಡುವುದು, ಆಮೇಲೆ ಎರಡು ದಿನ ಒಣಗಿಸುವುದು ನಡೆಯುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣು ನೀರನ್ನು ಅಷ್ಟು ಹೊತ್ತು ಹಿಡಿದಿಟ್ಟುಕೊಳ್ಳುವುದಿಲ್ಲ. ಕಾಯಿ ಕಚ್ಚಿ ಎರಡು ವಾರದೊಳಗೆ ಹೀಗೆ ಒಂದು ಸಲ ಒಣಗಿದರೂ ಸಾಕು, ಆ ಗೊಂಚಲು ಹೋಯಿತು. ಕಾಯಿ ಬಲಿಯುವ ಕಾಲದಲ್ಲಿ ಬಿಸಿಲಿಗೆ ಗಿಡವೊಂದಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ ತೂತಾದರೆ ದಿನಕ್ಕೆ ಮುಕ್ಕಾಲಿನಿಂದ ಒಂದು ಗಂಟೆ. ಅದನ್ನು ಬೆಳಗ್ಗೆ ಅರ್ಧ, ಸಂಜೆ ನಾಲ್ಕರ ಮೇಲೆ ಅರ್ಧ ಕೊಡಬೇಕು. ಇದಕ್ಕೆ ತೊಟ್ಟಿಯೋ ಹೊಂಡವೋ ಇರಬೇಕು, ಕರೆಂಟು ಬಂದಾಗ ತುಂಬಿಸಿ ಬೇಕಾದಾಗ ಬಿಡುವಂತಿರಬೇಕು. ಮಲ್ಚಿಂಗ್ ಶೀಟ್ ಹಾಕಿದ ಸಾಲಿನಲ್ಲಿ ಈ ತೊಂದರೆ ಕಡಿಮೆ ಕಾಣುವುದೂ ತೇವ ಒಂದೇ ಸಮ ಇರುವುದರಿಂದಲೇ.

ಉದ್ದ ಕಾಯಿಯ ತಳಿಗಳಲ್ಲಿ ಇದು ಗುಂಡು ಕಾಯಿಗಿಂತ ಜಾಸ್ತಿ. ಕಾಯಿ ಕಚ್ಚಿದ ಮೇಲೂ ಯೂರಿಯಾ ಬಿಡುವವರ ತೋಟದಲ್ಲಿ ಇನ್ನೂ ಜಾಸ್ತಿ: ಯೂರಿಯಾದಿಂದ ಬರುವ ಅಮೋನಿಯಂ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ನಿಲ್ಲುತ್ತದೆ, ಮೇಲಾಗಿ ಎಲೆ ವಿಪರೀತ ಬೆಳೆದು ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಪೊಟ್ಯಾಷ್ ಮಿತಿಮೀರಿದರೂ ಅದೇ ಪೈಪೋಟಿ. ಕ್ಯಾಲ್ಸಿಯಂ ಒಳಗೆ ಹೋಗುವುದು ಬೇರಿನ ಎಳೆ ತುದಿಯಲ್ಲಿ. ಜಂತುಹುಳು ಬೇರನ್ನು ಗಂಟು ಗಂಟು ಮಾಡಿದ್ದರೆ ನೀವು ಚೀಲಗಟ್ಟಲೆ ಬಿಟ್ಟರೂ ಒಳಗೆ ಹೋಗಲು ತುದಿ ಉಳಿದಿರಬೇಕಲ್ಲ. ಒಂದು ಗಿಡ ಕಿತ್ತು ಬೇರು ನೋಡುವುದಕ್ಕೆ ಖರ್ಚಿಲ್ಲ.

ಕ್ಯಾಪ್ಸಿಕಂನಲ್ಲಿ ಬಿಸಿಲಿನ ಸುಟ್ಟ ಕಲೆಯನ್ನೂ ಇದನ್ನೂ ಕಲಸಿಕೊಳ್ಳುತ್ತಾರೆ. ಬಿಸಿಲಿಗೆ ಸುಟ್ಟದ್ದು ಬಿಸಿಲು ಬೀಳುವ ಹೆಗಲಿನ ಕಡೆ, ಬಿಳಿಚಿಕೊಂಡು ಕಾಗದದಂತೆ ತೆಳ್ಳಗೆ ಇರುತ್ತದೆ. ಕ್ಯಾಲ್ಸಿಯಂ ಕೊರತೆಯದ್ದು ಕಾಯಿಯ ಕೆಳಭಾಗದಲ್ಲಿ, ಕಂದಾಗಿ ಕುಗ್ಗಿರುತ್ತದೆ. ಮೊದಲನೆಯದಕ್ಕೆ ನೆರಳು ಪರದೆ ಬೇಕು.

ನೀರಿನ ವರದಿ ಓದುವುದು

ಗೀಸರ್ ಕಾಯಿಲಿನ ಮೇಲೆ, ಡ್ರಿಪ್ ತೂತಿನ ಬಾಯಿಗೆ ಕಟ್ಟುವ ಬಿಳಿ ಹಿಟ್ಟು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾರ್ಬೊನೇಟ್. ಅಂದರೆ ನೀವು ದುಡ್ಡು ಕೊಟ್ಟು ತರುವ ವಸ್ತು ನಿಮ್ಮ ಬೋರಿನಲ್ಲೇ ಬರುತ್ತಿದೆ. ಎಷ್ಟು ಬರುತ್ತಿದೆ ಎನ್ನುವುದಕ್ಕೆ ಪರೀಕ್ಷೆಯೇ ಆಗಬೇಕು. ಕೋಲಾರದ ಟಮಕ, ಚಿಂತಾಮಣಿ ಬಳಿಯ ಕುರುಬೂರು, ತುಮಕೂರಿನ ಹಿರೇಹಳ್ಳಿ, ತಿಪಟೂರಿನ ಕೊನೇಹಳ್ಳಿ, ಎಲ್ಲ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ನೀರು ಎಲ್ಲಿ ಪರೀಕ್ಷೆ ಮಾಡುತ್ತಾರೆಂದು ಅಲ್ಲಿ ಕೇಳಿದರೆ ದಾರಿ ಸಿಗುತ್ತದೆ. ಬೋರ್ ಹತ್ತು ಹದಿನೈದು ನಿಮಿಷ ಓಡಿದ ಮೇಲೆ, ಅದೇ ನೀರಿನಲ್ಲಿ ಮೂರು ಸಲ ತೊಳೆದ ಬಾಟಲಿಗೆ ಒಂದು ಲೀಟರ್ ಕತ್ತಿನವರೆಗೂ ತುಂಬಿ, ಅವತ್ತೇ ಕೊಡಿ. ಪಿಎಚ್ (ಹುಳಿ-ಕ್ಷಾರದ ಅಳತೆ) ಮತ್ತು ಇಸಿ (ಕರಗಿದ ಉಪ್ಪಿನ ಅಳತೆ) ಮಾತ್ರ ಬರೆದುಕೊಟ್ಟರೆ ಸಾಲದು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್ ನಾಲ್ಕನ್ನೂ ಕೇಳಿ ಬರೆಸಿಕೊಳ್ಳಿ.

ವರದಿಯಲ್ಲಿ ಲೆಕ್ಕ ಮಿಲಿ ಈಕ್ವಿವಲೆಂಟ್‌ನಲ್ಲಿ ಇದ್ದರೆ ಕ್ಯಾಲ್ಸಿಯಂ ಅನ್ನು 20ರಿಂದ, ಮೆಗ್ನೀಸಿಯಂ ಅನ್ನು 12ರಿಂದ, ಬೈಕಾರ್ಬೊನೇಟನ್ನು 61ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರುತ್ತದೆ. ಒಟ್ಟು ಗಡಸುತನ ಮಾತ್ರ ಕೊಟ್ಟಿದ್ದರೆ ಅದು ಸುಮಾರಾಗಿ ಕ್ಯಾಲ್ಸಿಯಂನ ಎರಡೂವರೆ ಪಟ್ಟು, ಮೆಗ್ನೀಸಿಯಂನ ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಎರಡರ ಮೊತ್ತ. ಅದರಿಂದ ಯಾವುದು ಎಷ್ಟು ಎಂದು ತಿಳಿಯುವುದಿಲ್ಲ. ಗಡಸು ನೀರೆಂದರೆ ಕ್ಯಾಲ್ಸಿಯಂ ನೀರೆಂದು ತಿಳಿಯುವುದು ತಪ್ಪು, ಮೆಗ್ನೀಸಿಯಂ ಪಾಲು ದೊಡ್ಡದಿರುವ ಬೋರ್‌ಗಳೂ ಇರುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೋರ್ ನೀರಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ 80 ಮಿ.ಗ್ರಾಂ, ಮೆಗ್ನೀಸಿಯಂ 45, ಬೈಕಾರ್ಬೊನೇಟ್ 305. ಕೊಕೊಪೀಟ್‌ನಲ್ಲಿ ಬೆಳೆಯುವ ಕ್ಯಾಪ್ಸಿಕಂಗೆ ಬಿಡುವ ನೀರಿನಲ್ಲಿ ಕ್ಯಾಲ್ಸಿಯಂ 150, ಮೆಗ್ನೀಸಿಯಂ 40 ಇದ್ದರೆ ಸರಿಹೋಗುತ್ತದೆ. ಹಾಗಾದರೆ ಮೆಗ್ನೀಸಿಯಂ ಒಂದು ಕಾಳೂ ಬೇಕಿಲ್ಲ. ಕ್ಯಾಲ್ಸಿಯಂ 70 ಕಮ್ಮಿ ಬೀಳುತ್ತದೆ. ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಕ್ಯಾಲ್ಸಿಯಂ ಶೇ. 18.8, ಸಾರಜನಕ ಶೇ. 15.5. ಆದ್ದರಿಂದ 1000 ಲೀಟರಿಗೆ 370 ಗ್ರಾಂ ಸಾಕು.

ಅದೇ ತೋಟದಲ್ಲಿ ಪಾಲಿಹೌಸ್ ಮೇಲಿನ ಮಳೆನೀರು ಹೊಂಡಕ್ಕೆ ಇಳಿಯುತ್ತದೆ ಎನ್ನಿ. 10 ಗುಂಟೆ ಪಾಲಿಹೌಸ್ ಎಂದರೆ ಸಾವಿರ ಚದರ ಮೀಟರ್. 700 ಮಿ.ಮೀ. ಮಳೆಗೆ ಏಳು ಲಕ್ಷ ಲೀಟರ್ ಬೀಳುತ್ತದೆ, ಸೋರಿಕೆ ಆವಿ ಕಳೆದರೂ ಒಳ್ಳೆಯ ಗಂಟು. ಆದರೆ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೊನ್ನೆಗೆ ಹತ್ತಿರ. ಅದಕ್ಕೆ 1000 ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ 800 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ (ಶೇ. 9.6 ಮೆಗ್ನೀಸಿಯಂ) 415 ಗ್ರಾಂ ಬೇಕು. ಬೇಸಿಗೆಯೆಲ್ಲ ಬೋರ್ ನೀರಿಗೆ ಒಗ್ಗಿದ ಪಟ್ಟಿಯನ್ನೇ ಮಳೆಗಾಲದಲ್ಲಿ ಹೊಂಡದ ನೀರಿಗೂ ಮುಂದುವರಿಸಿದರೆ, ಮೂರು ವಾರಕ್ಕೆ ಕೆಳಗಿನ ಎಲೆ ಹಳದಿ, ಕಾಯಿ ತಳ ಕಂದು. ಗೊಬ್ಬರ ಬದಲಾಗಿಲ್ಲ, ಔಷಧಿ ಬದಲಾಗಿಲ್ಲ, ಮತ್ತೇನಾಯಿತು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಬದಲಾದದ್ದು ಗೇಟ್‌ವಾಲ್ವ್. ಹೊಂಡದ ನೀರನ್ನೂ ಬೋರ್ ನೀರನ್ನೂ ಅರ್ಧರ್ಧ ಬೆರೆಸಿ ವರ್ಷವಿಡೀ ಒಂದೇ ಪಟ್ಟಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ನೆಮ್ಮದಿ.

ಆರ್‌ಓ ನೀರಿಗೂ ಮಳೆನೀರಿನ ಲೆಕ್ಕವೇ. ಮಹಡಿ ತೋಟದವರು ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಕುಂಡಕ್ಕೆ ಹಾಕುತ್ತಾರೆ, ಅದು ಇನ್ನೊಂದು ತುದಿ: ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಗಟ್ಟಿಯಾಗಿರುತ್ತದೆ. ನೆಲ ತೊಳೆಯಲು ಸರಿ. ಮಹಡಿ ತೋಟಕ್ಕೆಂದು ಸಣ್ಣ ಬಾಟಲಿಯಲ್ಲಿ ಮಾರುವ ದ್ರವದ ಲೇಬಲ್ ಕೂಡ ಓದಿ. ಕ್ಯಾಲ್ಸಿಯಂ ಶೇ. 3 ಎಂದಿದ್ದರೆ ಒಂದು ಕೆ.ಜಿ. ದ್ರವದಲ್ಲಿ 30 ಗ್ರಾಂ ಕ್ಯಾಲ್ಸಿಯಂ. ಅಷ್ಟೇ ಕ್ಯಾಲ್ಸಿಯಂ 160 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಪುಡಿಯಲ್ಲಿದೆ. ಉಳಿದದ್ದಕ್ಕೆ ಕೊಟ್ಟ ದುಡ್ಡು ನೀರಿಗೆ ಮತ್ತು ಬಾಟಲಿಗೆ.

ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ ಆಸುಪಾಸಿನ ಬೋರುಗಳಲ್ಲಿ ಹತ್ತು ವರ್ಷದ ಹಿಂದಿನ ವರದಿ ಹಿಡಿದು ಲೆಕ್ಕ ಹಾಕಬೇಡಿ, ಹೊಸದಾಗಿ ಮಾಡಿಸಿ.

ಬೈಕಾರ್ಬೊನೇಟ್ ಇಳಿಸದೆ ಉಳಿದ ಲೆಕ್ಕ ನಿಲ್ಲುವುದಿಲ್ಲ

ನೀರಿನಲ್ಲಿ 80 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೂ ಬೈಕಾರ್ಬೊನೇಟ್ 305 ಇರುವವರೆಗೆ ಅದರ ಒಂದು ಪಾಲು ತೂತಿನ ಬಾಯಲ್ಲೇ ಹಿಟ್ಟಾಗಿ ಕೂರುತ್ತದೆ, ಬೇರಿನ ಸುತ್ತ ಪಿಎಚ್ ಏರಿಸಿ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಆಸಿಡ್ ಹಾಕಿ ಇಳಿಸಬೇಕು. 305 ಅಂದರೆ 5 ಮಿಲಿ ಈಕ್ವಿವಲೆಂಟ್. ಒಂದನ್ನು ಉಳಿಸಿಕೊಂಡು ನಾಲ್ಕನ್ನು ಕಳೆಯಬೇಕು, ಪೂರ್ತಿ ಕಳೆದರೆ ಪಿಎಚ್ ಒಮ್ಮೆಲೇ ನೆಲ ಕಚ್ಚುತ್ತದೆ. ಶೇ. 60ರ ನೈಟ್ರಿಕ್ ಆಸಿಡ್ 1000 ಲೀಟರಿಗೆ ಸುಮಾರು 305 ಮಿ.ಲೀ. ಹಿಡಿಯುತ್ತದೆ. ಫಾಸ್ಫೊರಿಕ್ ಆಸಿಡ್‌ನಲ್ಲೂ ಆಗುತ್ತದೆ, ಆದರೆ ಶೇ. 85ರದ್ದು 270 ಮಿ.ಲೀ. ಹಾಕಿದರೆ ಲೀಟರಿಗೆ 120 ಮಿ.ಗ್ರಾಂ ಮೀರಿ ರಂಜಕ ಬೀಳುತ್ತದೆ. ಅಷ್ಟು ರಂಜಕ ಯಾವ ಬೆಳೆಗೂ ಬೇಡ.

ನೈಟ್ರಿಕ್ ಆಸಿಡ್‌ನಲ್ಲಿ ಇನ್ನೊಂದು ಅನುಕೂಲ ಇದೆ. ನಾಲ್ಕು ಮಿಲಿ ಈಕ್ವಿವಲೆಂಟ್ ಆಸಿಡ್ ಜೊತೆಗೆ ಲೀಟರಿಗೆ 56 ಮಿ.ಗ್ರಾಂ ಸಾರಜನಕ ಬರುತ್ತದೆ. 370 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್‌ನಿಂದ 57. ಒಟ್ಟು 113. ಮಳೆನೀರಿನ ಪಟ್ಟಿಯಲ್ಲಿ 800 ಗ್ರಾಂ ಹಾಕಿದಾಗ ಬರುವ ಸಾರಜನಕ 124. ಹೀಗೆ, ಗಡಸು ನೀರಿನಲ್ಲಿ ಕಡಿತ ಮಾಡಿದ ಕ್ಯಾಲ್ಸಿಯಂ ನೈಟ್ರೇಟ್‌ನ ಸಾರಜನಕವನ್ನು ಆಸಿಡ್ ಹೆಚ್ಚುಕಡಿಮೆ ತುಂಬಿಕೊಡುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ 800 ಗ್ರಾಂನ ಪಟ್ಟಿಯನ್ನೇ ಆಸಿಡ್ ನೀರಿಗೂ ಹಾಕುವವರ ಗಿಡ ಆಳೆತ್ತರ ಬೆಳೆದು ಹೂವು ಉದುರಿಸುತ್ತದೆ.

ಅಳತೆಯನ್ನು ಕಾಗದದ ಮೇಲೆ ನಂಬಬೇಡಿ, ಬಕೆಟ್ಟಿನಲ್ಲಿ ನೋಡಿ. 20 ಲೀಟರ್ ಬೋರ್ ನೀರು ಹಿಡಿದು, ಸಿರಿಂಜಿನಲ್ಲಿ ಅರ್ಧರ್ಧ ಮಿ.ಲೀ. ಆಸಿಡ್ ಬಿಟ್ಟು, ಕಲಕಿ, ಗುಳ್ಳೆ ಏಳುವುದು ನಿಂತ ಮೇಲೆ ಪಿಎಚ್ ನೋಡುತ್ತಾ ಬನ್ನಿ. 6ರ ಹತ್ತಿರ ಬಂದಾಗ ನಿಲ್ಲಿಸಿ, ಬಿಟ್ಟದ್ದನ್ನು 50ರಿಂದ ಗುಣಿಸಿದರೆ 1000 ಲೀಟರಿನ ಅಳತೆ. ಮೇಲಿನ ಉದಾಹರಣೆಗೆ ಆರು ಮಿ.ಲೀ. ಆಸುಪಾಸು ಬರಬೇಕು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಯಾವತ್ತೂ ಹಾಕಬಾರದು. ಪಿಎಚ್ ಪೆನ್ನನ್ನು 7 ಮತ್ತು 4ರ ದ್ರಾವಣದಲ್ಲಿ ತಿಂಗಳಿಗೊಮ್ಮೆಯಾದರೂ ಸರಿಮಾಡಿಕೊಳ್ಳದಿದ್ದರೆ ಈ ಕಸರತ್ತೆಲ್ಲ ದಂಡ.

ಕೆಲವು ಬೋರುಗಳಲ್ಲಿ ಬೈಕಾರ್ಬೊನೇಟ್ ಕ್ಯಾಲ್ಸಿಯಂ ಮೆಗ್ನೀಸಿಯಂ ಎರಡರ ಮೊತ್ತಕ್ಕಿಂತಲೂ ಜಾಸ್ತಿ ಇರುತ್ತದೆ, ಸೋಡಿಯಂ ಕೂಡ ಏರಿರುತ್ತದೆ. ಆ ಹೆಚ್ಚುವರಿ 2.5 ಮಿಲಿ ಈಕ್ವಿವಲೆಂಟ್ ದಾಟಿದರೆ ಬಯಲು ಬೆಳೆಗೆ ಆ ನೀರು ಕೆಟ್ಟದ್ದು, ಮಣ್ಣು ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ. ಒಂದು ಮಿಲಿ ಈಕ್ವಿವಲೆಂಟ್ ಸರಿದೂಗಿಸಲು 1000 ಲೀಟರಿಗೆ 86 ಗ್ರಾಂ ಶುದ್ಧ ಜಿಪ್ಸಂ ಬೇಕು. ಇಂಥ ಕಡೆ ಕ್ಯಾಲ್ಸಿಯಂ ಹಾಕುವುದು ಗಿಡಕ್ಕಿಂತ ಮಣ್ಣಿಗೆ. ಡೋಲೊಮೈಟ್ ಸುಣ್ಣ ಇಲ್ಲಿಗಲ್ಲ, ಅದು ಹುಳಿ ಮಣ್ಣಿಗೆ ಮಾತ್ರ.

ಎರಡು ಡ್ರಮ್ಮು ಯಾಕೆ

ಒಂದು ಗಾಜಿನ ಲೋಟದಲ್ಲಿ ಎರಡು ಚಮಚ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ. ಇನ್ನೊಂದರಲ್ಲಿ ಎರಡು ಚಮಚ ಮೆಗ್ನೀಸಿಯಂ ಸಲ್ಫೇಟ್. ಎರಡೂ ತಿಳಿ. ಒಂದನ್ನು ಇನ್ನೊಂದಕ್ಕೆ ಸುರಿದರೆ ಮಜ್ಜಿಗೆಯಾಗುತ್ತದೆ, ಸ್ವಲ್ಪ ಹೊತ್ತಿಗೆ ತಳದಲ್ಲಿ ಬಿಳಿ ಗಸಿ. ಅದು ಜಿಪ್ಸಂ. ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಮಾತ್ರ ಕರಗುತ್ತದೆ, ಅದು ಒಮ್ಮೆ ಸಾಲಿನ ಡ್ರಿಪ್ ಪೈಪು ಅಂದರೆ ಲ್ಯಾಟರಲ್‌ಗೆ ಹೋಗಿ ಕೂತರೆ ಆಸಿಡ್‌ಗೂ ಜಗ್ಗುವುದಿಲ್ಲ. 12-61-0 ಅಥವಾ 0-52-34 (ಈ ಅಂಕಿಗಳು ಗೊಬ್ಬರದಲ್ಲಿರುವ ಸಾರಜನಕ-ರಂಜಕ-ಪೊಟ್ಯಾಷ್‌ನ ಶೇಕಡಾ ಪಾಲು) ಜೊತೆ ಬೆರೆಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಗಸಿ. ಡ್ರಿಪ್ ಕಟ್ಟಿಕೊಂಡಿತೆಂದು ಕಂಪನಿಯನ್ನು ಬೈಯುವ ಮೊದಲು ಡ್ರಮ್ಮಿನ ತಳ ನೋಡಿ.

ಸರಿಯಾದ ವಿಧಾನಕ್ಕೆ 200 ಲೀಟರಿನ ಎರಡು ಡ್ರಮ್ಮು ಬೇಕು. ಮೊದಲನೆಯದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, 13-0-45ರ ಒಂದು ಪಾಲು, ಕೀಲೇಟ್ ಕಬ್ಬಿಣ (ಗಸಿ ಕಟ್ಟದಂತೆ ಮಾಡಿದ ಕಬ್ಬಿಣ). ಎರಡನೆಯದರಲ್ಲಿ ಮೆಗ್ನೀಸಿಯಂ ಸಲ್ಫೇಟ್, 0-52-34, 0-0-50, ಉಳಿದ ಲಘು ಪೋಷಕಾಂಶ. ನೂರಕ್ಕೆ ಒಂದರಂತೆ ಎಳೆಯುವ ವ್ಯವಸ್ಥೆಯಾದರೆ 200 ಲೀಟರ್ ದ್ರಾವಣ 20,000 ಲೀಟರ್ ನೀರಿಗೆ ಸಾಲುತ್ತದೆ. ಮಳೆನೀರಿನ ಪಟ್ಟಿಗೆ ಮೊದಲ ಡ್ರಮ್ಮಿನಲ್ಲಿ 16 ಕೆ.ಜಿ. ಕ್ಯಾಲ್ಸಿಯಂ ನೈಟ್ರೇಟ್, ಎರಡನೆಯದರಲ್ಲಿ 8.3 ಕೆ.ಜಿ. ಮೆಗ್ನೀಸಿಯಂ ಸಲ್ಫೇಟ್. ಉದಾಹರಣೆಯ ಬೋರ್ ನೀರಿಗೆ 7.4 ಕೆ.ಜಿ. ಮತ್ತು ಸೊನ್ನೆ. ಇಷ್ಟು ತೆಳುವಾದ ಮೇಲೆ ಪೈಪಿನೊಳಗೆ ಎರಡೂ ಸೇರಿದರೆ ತೊಂದರೆಯಿಲ್ಲ, ಗಟ್ಟಿ ದ್ರಾವಣಗಳು ಸೇರಬಾರದು ಅಷ್ಟೆ. ವೆಂಚುರಿ (ದ್ರಾವಣವನ್ನು ಪೈಪಿಗೆ ಎಳೆಯುವ ಸಾಧನ) ನಿಜವಾಗಿ ಎಷ್ಟು ಎಳೆಯುತ್ತದೆ ಎಂದು ಒಂದು ಬಕೆಟ್ ಅಳೆದಿಟ್ಟು ಗಡಿಯಾರ ಹಿಡಿದು ನೋಡಬೇಕು. ಒತ್ತಡ ಸ್ವಲ್ಪ ಬದಲಾದರೂ ಅದರ ಎಳೆತ ಬದಲಾಗುತ್ತದೆ.

ಬಯಲು ಟೊಮೇಟೊಗೆ ಇಷ್ಟೆಲ್ಲ ಬೇಕಿಲ್ಲ. ಒಂದೇ ಟ್ಯಾಂಕ್ ಇದ್ದರೆ ದಿನ ಬೇರೆ ಮಾಡಿಕೊಳ್ಳಿ: ಸೋಮವಾರ ಕ್ಯಾಲ್ಸಿಯಂ ನೈಟ್ರೇಟ್ ಎಕರೆಗೆ 3ರಿಂದ 4 ಕೆ.ಜಿ., ಬುಧವಾರ ಪೊಟ್ಯಾಷ್ ಗೊಬ್ಬರ, ಶುಕ್ರವಾರ ಬೇಕಿದ್ದರೆ ಮೆಗ್ನೀಸಿಯಂ ಸಲ್ಫೇಟ್ 2 ಕೆ.ಜಿ. ಪ್ರತಿ ಸಲ ಮೊದಲು ಹತ್ತು ನಿಮಿಷ ಬರಿ ನೀರು, ಆಮೇಲೆ ಗೊಬ್ಬರ, ಕೊನೆಗೆ ಹತ್ತು ನಿಮಿಷ ಬರಿ ನೀರು. ಕ್ಯಾಲ್ಸಿಯಂ ಬೇಕಾದ ಹೊಲಕ್ಕೆ ಹೂವು ಶುರುವಾದ ದಿನದಿಂದಲೇ ಅದನ್ನು ಆರಂಭಿಸಬೇಕು. ಕಪ್ಪು ಕಾಯಿ ಕಂಡ ಮೇಲೆ ಬಿಡುವುದು ಮುಂದಿನ ಗೊಂಚಲಿಗೆ ಮಾತ್ರ. ಕಪ್ಪಾದ ಕಾಯಿ ಮತ್ತೆ ಸರಿಹೋಗುವುದಿಲ್ಲ, ಕಿತ್ತು ಹಾಕಿ. ಗಿಡದ ಶಕ್ತಿಯಾದರೂ ಉಳಿಯುತ್ತದೆ. ಮಂಡಿಗೆ ಹೋಗುವ ಬಾಕ್ಸಿನಲ್ಲಿ ಅಂಥದ್ದು ನಾಲ್ಕು ಸಿಕ್ಕಿದರೂ ಹರಾಜಿನಲ್ಲಿ ಇಡೀ ಲಾಟಿಗೆ ರೇಟು ಬೀಳುತ್ತದೆ.

ಕೊಕೊಪೀಟ್ ತಾನೇ ನುಂಗುತ್ತದೆ

ನಮ್ಮ ಕಡೆ ನಾರು ಎಂದರೆ ಟೊಮೇಟೊ ಸಸಿ, ತಿಪಟೂರಿನವರಿಗೆ ನಾರು ಎಂದರೆ ತೆಂಗಿನದು. ಎರಡೂ ಸೇರುವುದು ನರ್ಸರಿ ಟ್ರೇಯಲ್ಲಿ. ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಈ ಪುಡಿಯ ಮೈಗೆ ಪೊಟ್ಯಾಷಿಯಂ, ಸೋಡಿಯಂ ಅಂಟಿಕೊಂಡಿರುತ್ತವೆ. ಕ್ಯಾಲ್ಸಿಯಂ ಮೆಗ್ನೀಸಿಯಂ ಇರುವ ನೀರು ಬಿದ್ದ ಕೂಡಲೇ ಅವನ್ನು ಹಿಡಿದುಕೊಂಡು ಪೊಟ್ಯಾಷಿಯಂ ಸೋಡಿಯಂ ಬಿಟ್ಟುಕೊಡುತ್ತದೆ. ಗಿಡಕ್ಕೆ ಕ್ಯಾಲ್ಸಿಯಂ ಬಿಟ್ಟೆವೆಂದುಕೊಂಡರೆ ಮೊದಲ ಎರಡು ಮೂರು ವಾರ ಅದು ಪುಡಿಯ ಪಾಲು.

ನೀರಿನಲ್ಲಿ ತೊಳೆದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ತೊಳೆದರೆ ಹೋಗುವುದು ಬಿಡಿ ಉಪ್ಪು ಮಾತ್ರ, ಅಂಟಿಕೊಂಡದ್ದನ್ನು ಕೀಳಲು ಕ್ಯಾಲ್ಸಿಯಂ ಬೇಕು. 5 ಕೆ.ಜಿ. ಕೊಕೊಪೀಟ್ ಇಟ್ಟಿಗೆಯನ್ನು 25 ಲೀಟರ್ ನೀರಿನಲ್ಲಿ ಅರಳಿಸಿ, ಸೋಸಿ, ಇಳಿಯುವ ನೀರಿನ ಇಸಿ 0.5ರ ಕೆಳಗೆ ಬರುವವರೆಗೆ ತೊಳೆಯಿರಿ. ಆಮೇಲೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟನ್ನು ಪುಡಿ ಮುಳುಗುವಷ್ಟು ನೀರಿನಲ್ಲಿ ಕರಗಿಸಿ ಸುರಿದು ಒಂದು ದಿನ ಬಿಡಿ. ಇನ್ನೊಮ್ಮೆ ಸೋಸಿ ತೊಳೆಯಿರಿ. ಎರಡನೇ ಸಲ ಇಳಿಯುವ ನೀರು ಟೀ ಬಣ್ಣಕ್ಕಿದ್ದು ಇಸಿ ಮೇಲೇರಿದ್ದರೆ ಅದರಲ್ಲಿ ಪುಡಿ ಬಿಟ್ಟುಕೊಟ್ಟ ಸೋಡಿಯಂ ಪೊಟ್ಯಾಷಿಯಂ ಇದೆ ಎಂದರ್ಥ.

ಗ್ರೋ ಬ್ಯಾಗ್‌ನಲ್ಲಿ ಬಿಟ್ಟ ನೀರಿನ ಐದನೇ ಒಂದು ಪಾಲಾದರೂ ತಳದಿಂದ ಹೊರಗೆ ಬರಬೇಕು. ಅದರ ಇಸಿ ಬಿಟ್ಟ ನೀರಿಗಿಂತ 1 ಜಾಸ್ತಿಯಾಗಿದ್ದರೆ ಉಪ್ಪು ಕೂಡುತ್ತಿದೆ, ತೊಳೆಯಬೇಕು. ತೊಳೆಯುವಾಗ ಬರಿ ಮಳೆನೀರು ಬಿಟ್ಟರೆ ಕ್ಯಾಲ್ಸಿಯಂ ಕೂಡ ಇಳಿದುಹೋಗುತ್ತದೆ. ತೆಳು ಗೊಬ್ಬರದ ನೀರಿನಲ್ಲೇ ತೊಳೆಯಿರಿ.

ಮೆಗ್ನೀಸಿಯಂ ಬೇರೆ ಜಾತಿ

ಇದು ಗಿಡದೊಳಗೆ ಓಡಾಡುತ್ತದೆ. ಕಮ್ಮಿಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಎಳೆ ಎಲೆಗೆ ಕೊಡುತ್ತದೆ. ಹಾಗಾಗಿ ಹಳದಿ ಕಾಣುವುದು ಕೆಳಗಿನಿಂದ. ಟೊಮೇಟೊದಲ್ಲಿ ಕಾಯಿ ಹೊತ್ತ ಗೊಂಚಲಿನ ಪಕ್ಕದ ಎಲೆ ಕಿತ್ತು ಬೆಳಕಿಗೆ ಹಿಡಿದರೆ ನರಗಳು ಹಸಿರು, ನಡುವಿನ ಜಾಗ ಹಳದಿ, ಮೀನಿನ ಮುಳ್ಳು ಬಿಡಿಸಿದ ಹಾಗೆ. ಹಳದಿ ಮೇಲಿನ ಎಳೆ ಎಲೆಯಲ್ಲಿ ಇದ್ದರೆ ಅದು ಕಬ್ಬಿಣದ್ದು, ಹೆಚ್ಚಾಗಿ ಬೈಕಾರ್ಬೊನೇಟ್‌ನ ಕೆಲಸ. ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಸುರಿದು ಏನೂ ಆಗದು. ಎಳೆ ಎಲೆ ಚಿಕ್ಕದಾಗಿ, ಅಂಚು ಹಳದಿಯಾಗಿ, ದೊನ್ನೆಯಂತೆ ಮೇಲಕ್ಕೆ ಮಡಚಿದ್ದರೆ ಬಿಳಿನೊಣ ತಂದ ವೈರಸ್. ಅದಕ್ಕೆ ಯಾವ ಗೊಬ್ಬರವೂ ಇಲ್ಲ.

ಬಯಲು ಟೊಮೇಟೊದಲ್ಲಿ ಮೆಗ್ನೀಸಿಯಂ ಕೊರತೆ ಬರುವುದು ಬಹಳ ಸಲ ಕೈಯಾರೆ ತಂದುಕೊಂಡದ್ದು: ಕಾಯಿ ತೂಕ ಬರಲಿ, ಬಣ್ಣ ಬರಲಿ ಎಂದು 0-0-50, 13-0-45 ವಾರವಾರ ಬಿಡುವುದರಿಂದ. ಪೊಟ್ಯಾಷ್ ಜಾಸ್ತಿಯಾದಷ್ಟೂ ಮೆಗ್ನೀಸಿಯಂ ಹೊರಗೆ ನಿಲ್ಲುತ್ತದೆ. ಇಲ್ಲಿ ಸಿಂಪಡಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಯಲಿಗೆ ಲೀಟರಿಗೆ 10 ಗ್ರಾಂ, ಪಾಲಿಹೌಸ್‌ಗೆ 5 ಗ್ರಾಂ, ಬಿಸಿಲು ಇಳಿದ ಮೇಲೆ, ಹತ್ತು ದಿನ ಬಿಟ್ಟು ಎರಡು ಸಲ. ಹಳದಿಯಾದ ಎಲೆ ಪೂರ್ತಿ ಹಸಿರಾಗುವುದಿಲ್ಲ, ಹಳದಿ ಮೇಲಕ್ಕೆ ಏರುವುದು ನಿಂತರೆ ಗೆದ್ದಂತೆ.

ಕ್ಯಾಲ್ಸಿಯಂ ಸಿಂಪಡಣೆ ಅಷ್ಟು ಸಲೀಸಲ್ಲ. ಎಲೆಗೆ ಹೊಡೆದದ್ದು ಕಾಯಿಗೆ ಬರುವುದಿಲ್ಲವಾದ್ದರಿಂದ ಕಾಯಿಗೇ ತಾಗುವಂತೆ, ಅದೂ ಗೋಲಿ ಗಾತ್ರದ ಒಳಗೆ ಇರುವಾಗ ಹೊಡೆಯಬೇಕು. ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 16 ಲೀಟರ್ ಕ್ಯಾನಿಗೆ 80 ಗ್ರಾಂ, ವಾರಕ್ಕೊಮ್ಮೆ ಮೂರು ಸಲ. ಮೆಗ್ನೀಸಿಯಂ ಸಲ್ಫೇಟನ್ನು ಅದೇ ಕ್ಯಾನಿಗೆ ಹಾಕಬೇಡಿ, ಈ ಅಳತೆಯಲ್ಲೂ ಗಸಿ ಕಟ್ಟುತ್ತದೆ. ಶೇ. 10ರ ಕೀಲೇಟ್ ಕ್ಯಾಲ್ಸಿಯಂ ಲೀಟರಿಗೆ ಅರ್ಧ ಗ್ರಾಂ ಹಾಕಿ ಎನ್ನುತ್ತಾರೆ. ಲೆಕ್ಕ ಹಾಕಿದರೆ ಲೀಟರಿಗೆ 50 ಮಿ.ಗ್ರಾಂ ಕ್ಯಾಲ್ಸಿಯಂ. ಐದು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ 940. ನಮ್ಮ ಮಟ್ಟಿಗೆ ಆ ಡಬ್ಬಿ ಅಂಗಡಿಯಲ್ಲೇ ಇರಲಿ.

ಕ್ಯಾಲ್ಸಿಯಂ ನೈಟ್ರೇಟ್ ಕರಗಿಸುವಾಗ ನೀರು ತಣ್ಣಗಾಗುತ್ತದೆ, 16 ಕೆ.ಜಿ. ಒಮ್ಮೆಗೇ ಸುರಿದರೆ ಡ್ರಮ್ಮಿನ ಹೊರಮೈ ಬೆವರುತ್ತದೆ, ತಳದಲ್ಲಿ ಹರಳು ಕರಗದೆ ಉಳಿಯುತ್ತದೆ. ಮುಕ್ಕಾಲು ಡ್ರಮ್ಮು ನೀರಿಗೆ ನಾಲ್ಕು ನಾಲ್ಕು ಕೆ.ಜಿ.ಯಂತೆ ಹಾಕಿ ಕಲಕುತ್ತಾ ಬನ್ನಿ. ಮೇಲೆ ತೇಲುವ ಜಿಡ್ಡಿನ ಪೊರೆ ಹರಳಿನ ಮೇಲಿನ ಲೇಪ, ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ. ಬಿಚ್ಚಿದ ಚೀಲದ ಬಾಯಿ ಕಟ್ಟದೆ ಬಿಟ್ಟರೆ ಗಾಳಿಯ ತೇವ ಹೀರಿ ಮಳೆಗಾಲದಲ್ಲಿ ಎರಡೇ ದಿನಕ್ಕೆ ಪಾಯಸವಾಗುತ್ತದೆ. ಅದನ್ನು ಎಸೆಯಬೇಕಿಲ್ಲ, ಆದರೆ ಮತ್ತೆ ತಕ್ಕಡಿಯಲ್ಲಿ ತೂಗಿ ಹಾಕಿದರೆ ನೀರನ್ನೂ ಗೊಬ್ಬರವೆಂದು ತೂಗಿದಂತೆ. ಉಳಿದಿದ್ದದ್ದು 10 ಕೆ.ಜಿ. ಎಂದು ಗೊತ್ತಿದ್ದರೆ ಪೂರ್ತಿ ಒಂದು ಕ್ಯಾನಿಗೆ ಬಗ್ಗಿಸಿ, ನೀರು ಸೇರಿಸಿ ಒಟ್ಟು 20 ಲೀಟರ್ ಮಾಡಿ, ಕ್ಯಾನಿನ ಮೇಲೆ "ಲೀಟರಿಗೆ ಅರ್ಧ ಕೆ.ಜಿ." ಎಂದು ಬರೆದಿಡಿ.